ಎರಡು ದಿನ ಅಂದು ಏಳು ವಾರ: ಕೌಲ್ ಬಜಾರಿನ ಮ್ಯಾಂಡೊಲಿನ್ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ, ಅರ್ಜೆಂಟ್ ಇರುವವರು ಈ ಅಂಗಡಿ ಕಡೆ ಹೋಗಬೇಡಿ. ನಾಡಿದ್ದು ಪ್ರೋಗ್ರಾಂ ಇದೆ, ಇವತ್ತೇ ತಂತಿ ಹಾಕಿ ಕೊಡಿ ಅನ್ನುವವರಿಗೆ ಬಳ್ಳಾರಿಯಲ್ಲಿ ಬೇರೆ ಅಂಗಡಿಗಳಿವೆ. ಇದು ಕಾಯುವವರ ಅಂಗಡಿ. ನಾನು ಏಳು ವಾರ ಕಾದೆ, ಬೈದುಕೊಂಡೇ ಕಾದೆ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಅಂಗಡಿಗೆ ಹೆಸರಿಲ್ಲ. ಬೋರ್ಡೂ ಇಲ್ಲ. ಕೌಲ್ ಬಜಾರಿನ ಒಂದು ಸಂದಿಯಲ್ಲಿ ಹಸಿರು ಬಾಗಿಲು, ಅದರ ಮೇಲೆ ಪೇಂಟಿನಲ್ಲಿ ಬರೆದ ಹಾರ್ಮೋನಿಯಂ ಚಿತ್ರ, ಅದೂ ಅರ್ಧ ಅಳಿಸಿಹೋಗಿದೆ. ಪೇಟಿ ರಿಪೇರಿ ಚಾಚಾ ಎಲ್ಲಿ ಅಂತ ಕೇಳಿದರೆ ಚಹಾದಂಗಡಿಯವರು ಕೈ ತೋರಿಸುತ್ತಾರೆ. ಒಳಗೆ ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಗೋಡೆ ತುಂಬ ಭಜನಾ ಮಂಡಳಿಗಳ ಪೇಟಿಗಳು, ಹಗ್ಗ ಸಡಿಲಾದ ಢೋಲಕ್‌ಗಳು, ಒಂದು ಮೂಲೆಯಲ್ಲಿ ಚರ್ಮ ಹರಿದ ತಬಲಾ. ಸರೇಸು, ಅಂದರೆ ಪ್ರಾಣಿಗಳ ಚರ್ಮ ಎಲುಬು ಕುದಿಸಿ ಮಾಡುವ ಮರದ ಅಂಟು, ಅದರ ವಾಸನೆ ಬಾಗಿಲಲ್ಲೇ ಬಡಿಯುತ್ತದೆ. ಬಡಗಿಗಳ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತಿರುತ್ತದೆ, ಉಳಿದವರು ಮೂಗು ಮುಚ್ಚಿಕೊಳ್ಳಬಹುದು.

ಈಗ ನನ್ನ ಮ್ಯಾಂಡೊಲಿನ್ ಕತೆ. ಚೈನಾ ಮಾಲು, ಸೆಕೆಂಡ್ ಹ್ಯಾಂಡ್, ಹೆಗಲ ಹತ್ತಿರ ಸುರುಳಿ ಇರುವ ಎಫ್ ಮಾಡೆಲ್. ಕಳೆದ ವರ್ಷ ಏಪ್ರಿಲ್‌ನಲ್ಲಿ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಒಗ್ಗರಣೆ ಮಿರ್ಚಿ ತಿನ್ನಲು ಹೋದೆ. ಅರ್ಧ ಗಂಟೆ ಅಂದುಕೊಂಡಿದ್ದು ಗೆಳೆಯರು ಸಿಕ್ಕು ಎರಡು ಗಂಟೆ ಆಯಿತು. ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಮುಚ್ಚಿದ ಕಾರಿನೊಳಗೆ ಅದು ಇನ್ನೂ ಜಾಸ್ತಿ. ಬಂದು ನೋಡಿದರೆ ಹಿಂಬದಿಯ ಹಲಗೆ ಒಂದು ಕಡೆ ಹೊಲಿಗೆ ಬಿಟ್ಟ ಜೀನ್ಸ್ ಥರ ಬಾಯಿ ತೆರೆದಿತ್ತು. ತಪ್ಪು ಪೂರ್ತಿ ನನ್ನದೇ.

ಮೊದಲು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಕೊಟ್ಟೆ. ಎಸಿ, ಸೋಫಾ, ಕಂಪ್ಯೂಟರ್ ಬಿಲ್ಲು, ಎಲ್ಲಾ ಇತ್ತು. ಮೂರೇ ದಿನಕ್ಕೆ ಕೊಟ್ಟರು. ಹೊರಗಿನಿಂದ ನೋಡಲು ಹೊಸದರ ಹಾಗಿತ್ತು, ಆದರೆ ನುಡಿಸಿದರೆ ಮೇಲಿನ ಮನೆಗಳಲ್ಲಿ (ಕತ್ತಿನ ಮೇಲೆ ಬೆರಳೊತ್ತುವ ಜಾಗಗಳಿಗೆ ಮನೆ ಅನ್ನುತ್ತಾರೆ) ಸ್ವರ ಸ್ವಲ್ಪ ಏರುತ್ತಿತ್ತು. ನನ್ನ ಕಿವಿಯದೇ ದೋಷ ಅಂದುಕೊಂಡು ಹಾಗೇ ಇಟ್ಟುಕೊಂಡೆ. ಈ ವರ್ಷ ಮೇ ಬಂತು, ಅದೇ ಜಾಗದಲ್ಲಿ ಅಂಟು ಮತ್ತೆ ಬಿಟ್ಟಿತು. ಈ ಸಲ ಕಾರಿನಲ್ಲೂ ಅಲ್ಲ, ಮನೆಯ ಗೋಡೆಗೆ ನೇತು ಹಾಕಿದ್ದಾಗಲೇ.

ಬಳ್ಳಾರಿಯವನಿಗೆ ಮ್ಯಾಂಡೊಲಿನ್ ಹುಚ್ಚು ಎಲ್ಲಿಂದ ಬಂತು ಅಂತ ಕೇಳಬಹುದು. ಅಪ್ಪನ ಹತ್ತಿರ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಯು. ಶ್ರೀನಿವಾಸ್ ಅವರ ಕ್ಯಾಸೆಟ್ಟುಗಳಿದ್ದವು, ಅಲ್ಲಿಂದ ಶುರು. ಆಮೇಲೆ ಯೂಟ್ಯೂಬಿನಲ್ಲಿ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಸಿಕ್ಕರು. 1911ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿದವರು. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಆ ಹೆಸರೇ ಬ್ಲೂಗ್ರಾಸ್ ಅಂತ ಒಂದು ಬಗೆಯ ಸಂಗೀತಕ್ಕೆ ನಿಂತುಬಿಟ್ಟಿತು. ಪಿಟೀಲು, ಗಿಟಾರ್, ಬ್ಯಾಂಜೋ, ಮ್ಯಾಂಡೊಲಿನ್, ನೆಲದ ಮೇಲೆ ನಿಲ್ಲಿಸಿ ನುಡಿಸುವ ದೊಡ್ಡ ಬೇಸ್. ಡ್ರಮ್ ಇಲ್ಲ. ತಬಲಾ ಇಲ್ಲದ ಭಜನೆ ಅಂದುಕೊಳ್ಳಿ. ಆ ತಬಲಾದ ಕೆಲಸವನ್ನು ಮ್ಯಾಂಡೊಲಿನ್‌ನವನೇ ಮಾಡುತ್ತಾನೆ, ಎಂಟೂ ತಂತಿಯನ್ನು ಒಟ್ಟಿಗೆ ಮೀಟಿ ತಕ್ಷಣ ಅದುಮಿ ಚಕ್, ಚಕ್ ಅಂತ ತಾಳ ಹಿಡಿಯುತ್ತಾನೆ. ಕೇಳಿದ ದಿನದಿಂದ ನನಗೆ ಅದೇ ಗುಂಗು.

ಚಾಚಾ ಅಂಗಡಿಯಲ್ಲಿ ಇದನ್ನೇ ವಿವರಿಸಲು ಹೋಗಿ ಬ್ಯಾಂಜೋ ಅಂದೆ. ಅವರು 'ಬೆಂಜೋನಾ? ಐತೆ ಐತೆ' ಅಂದವರೇ ಅಟ್ಟದಿಂದ ಒಂದನ್ನು ಇಳಿಸಿದರು. ಟೈಪ್‌ರೈಟರ್ ಥರ ಗುಂಡಿಗಳಿರುವ, ನಮ್ಮ ಕಡೆ ಕವ್ವಾಲಿಯವರೂ ಬ್ಯಾಂಡಿನವರೂ ನುಡಿಸುವ ಬೆಂಜೋ! ಇದು ಅಮೆರಿಕದ್ದಲ್ಲ, ಜಪಾನಿನ ಮೊಮ್ಮಗು. 1912ರಲ್ಲಿ ನಾಗೋಯಾದ ಗೊರೊ ಮೊರಿಟಾ ಅನ್ನುವವರು ತೈಶೊಗೊಟೊ ಅಂತ ಒಂದು ವಾದ್ಯ ಮಾಡಿದರು, ಅದು ಇಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಆಯಿತು, ಜನರ ಬಾಯಲ್ಲಿ ಬೆಂಜೋ ಆಯಿತು. ಅಮೆರಿಕದ ಬ್ಯಾಂಜೋಗೆ ಮೊದಲು ಚರ್ಮದ ಹೊದಿಕೆ ಇರುತ್ತಿತ್ತು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಅದರ ಮೂಲ ಆಫ್ರಿಕಾದ್ದು, ಗುಲಾಮರಾಗಿ ಹೋದವರು ಅಲ್ಲಿ ಮಾಡಿಕೊಂಡದ್ದು. ಇಷ್ಟೆಲ್ಲಾ ಹೇಳಿದ ಮೇಲೆ ಚಾಚಾ ಕೇಳಿದ್ದು ಒಂದೇ: 'ನಿಂದು ಯಾವುದು ಬೇಟಾ, ಮೊದಲು ಅದನ್ನು ತೋರಿಸು.'

ಬೆಂಗಳೂರಿನವರು ಮಾಡದ ಒಂದು ಕೆಲಸವನ್ನು ಇವರು ಮೊದಲೇ ಮಾಡಿದರು. ನುಡಿಸಿದರು. ಬಿಟ್ಟುಹೋದ ಹಲಗೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಂದೊಂದೇ ತಂತಿ ಮೀಟಿದರು. ಪಕ್ಕದ ಪೇಟಿಯಲ್ಲಿ ಹುಡುಗನೊಬ್ಬ ಸ್ವರ ಹಿಡಿದಿದ್ದ. ಆಮೇಲೆ ಬೆರಳ ಗೆಣ್ಣಿನಿಂದ ಮರವನ್ನು ಮೇಲಿಂದ ಕೆಳಗಿನ ತನಕ ತಟ್ಟುತ್ತಾ ಬಂದರು, ಹೆಂಗಸರು ಕಲ್ಲಂಗಡಿ ತಟ್ಟಿ ನೋಡುತ್ತಾರಲ್ಲ, ಹಾಗೆ. 'ಅಂಟೂ ತಪ್ಪು, ಕುದುರೆನೂ ತಪ್ಪು ಜಾಗದಾಗೈತೆ' ಅಂದರು. ಕುದುರೆ ಅಂದರೆ ತಂತಿ ಹೊತ್ತು ನಿಲ್ಲುವ ಮರದ ತುಂಡು. ಮ್ಯಾಂಡೊಲಿನ್‌ನಲ್ಲಿ ಅದನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿತಕ್ಕೇ ನಿಂತಿರುತ್ತದೆ. ಎರಡು ಮಿಲಿಮೀಟರ್ ಸರಿದರೂ ಸ್ವರ ಕೆಡುತ್ತದೆ. ಅಂದರೆ ಒಂದು ವರ್ಷ ನನ್ನ ಕಿವಿ ಸರಿಯಾಗಿಯೇ ಇತ್ತು!

ಚಾಚಾ ಬಯಲಾಟಗಳಿಗೆ ಪೇಟಿ ನುಡಿಸುತ್ತಿದ್ದವರು, ಕವ್ವಾಲಿಗೆ ಬೆಂಜೋ ಕೂಡ. ಈಗ ಬೆರಳು ಮೊದಲಿನಂತೆ ಓಡುವುದಿಲ್ಲವಂತೆ. ಕಿವಿ ಮಾತ್ರ ಓಡುತ್ತದೆ. 'ಎರಡು ದಿನ ಬಿಟ್ಟು ಬಾ' ಅಂದರು.

ಎರಡು ದಿನ ಬಿಟ್ಟು ಹೋದೆ. ಮ್ಯಾಂಡೊಲಿನ್ ಇಟ್ಟ ಜಾಗದಲ್ಲೇ ಇತ್ತು. ಒಂದು ವಾರ ಬಿಟ್ಟು ಹೋದೆ, ಬಿಚ್ಚಿ ಎರಡು ತುಂಡಾಗಿ ಇತ್ತು. ಮೂರನೇ ವಾರ ಬಾಗಿಲಿಗೆ ಬೀಗ, ಸಂಬಂಧಿಕರ ಮದುವೆ. ನಾಲ್ಕನೇ ವಾರ ಶ್ರಾವಣದ ಭಜನೆಗೆ ಅಂತ ಹಳ್ಳಿಗಳಿಂದ ಪೇಟಿಗಳು ಬಂದು ಬಿದ್ದಿದ್ದವು, ನನ್ನದು ಅವುಗಳ ಹಿಂದೆ ಹೋಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ 'ಆಗ್ತೈತೆ'. ಒಂದು ಸ್ಟಾರ್ ಕಿತ್ತುಕೊಂಡಿದ್ದು ಈ 'ಆಗ್ತೈತೆ'ಗೇ. ಏಳು ವಾರ ಅಂತ ಮೊದಲೇ ಹೇಳಿದ್ದರೆ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎರಡು ದಿನ ಅನ್ನೋ ಸುಳ್ಳು ಯಾಕೆ ಬೇಕಿತ್ತು?

ಆ ಸಿಟ್ಟಿನಲ್ಲಿ ನನಗೆ ಮನ್ರೋ ನೆನಪಾಗುತ್ತಿದ್ದರು. ಅವರ ಮ್ಯಾಂಡೊಲಿನ್ ಗಿಬ್ಸನ್ ಕಂಪನಿಯ ಎಫ್-5, 1923ರದ್ದು, ಕಂಪನಿಯ ಎಂಜಿನಿಯರ್ ಲಾಯ್ಡ್ ಲೋರ್ ಅನ್ನುವವರು ಒಳಗೆ ಸಹಿ ಹಾಕಿದ್ದು. 1940ರ ದಶಕದಲ್ಲಿ ಫ್ಲೋರಿಡಾದ ಒಂದು ಕ್ಷೌರದಂಗಡಿಯಲ್ಲಿ ಕಣ್ಣಿಗೆ ಬಿದ್ದು 150 ಡಾಲರ್ ಕೊಟ್ಟು ತಂದರಂತೆ. 1950ರ ದಶಕದಲ್ಲಿ ಅದನ್ನು ರಿಪೇರಿಗೆ ಕಂಪನಿಗೇ ಕಳಿಸಿದರು. ತಿಂಗಳುಗಟ್ಟಲೆ ಇಟ್ಟುಕೊಂಡು, ಹೇಳಿದ ಕೆಲಸವನ್ನೂ ಪೂರ್ತಿ ಮಾಡದೆ ವಾಪಸ್ ಕಳಿಸಿದರು. ಮನ್ರೋ ಚಾಕು ತೆಗೆದುಕೊಂಡು ವಾದ್ಯದ ತಲೆಯ ಮೇಲಿದ್ದ ಗಿಬ್ಸನ್ ಅನ್ನೋ ಹೆಸರನ್ನು ಕೆರೆದು ಹಾಕಿದರು. ಅದರ ಮೇಲಿದ್ದ 'ದಿ' ಅನ್ನೋದು ಮಾತ್ರ ಉಳಿಯಿತು. ಹಾಗೇ ವರ್ಷಗಟ್ಟಲೆ ಸ್ಟೇಜ್ ಮೇಲೆ ನುಡಿಸಿದರು, ನೋಡಿದವರಿಗೆಲ್ಲಾ ಗೊತ್ತಾಗಲಿ ಅಂತ. ಇದಕ್ಕಿಂತ ಕಟುವಾದ ರಿವ್ಯೂ ಯಾರು ಬರೆದಾರು ಹೇಳಿ. 1980ರಲ್ಲಿ ರಾಜಿಯಾಯಿತು. 1985ರಲ್ಲಿ ಯಾರೋ ಅವರ ಮನೆಗೆ ನುಗ್ಗಿ ಆ ಮ್ಯಾಂಡೊಲಿನ್‌ನ್ನು ಕಬ್ಬಿಣದ ಸಲಾಕೆಯಿಂದ ಚಚ್ಚಿ ಹಾಕಿದರು. ಆಗ ಅದೇ ಕಂಪನಿಯ ಚಾರ್ಲಿ ಡೆರಿಂಗ್ಟನ್ ನೂರಾರು ಚೂರುಗಳನ್ನು ಆರಿಸಿ ತಿಂಗಳುಗಟ್ಟಲೆ ಕೂತು ಜೋಡಿಸಿಕೊಟ್ಟರು. ಆವಾಗಲೂ ತಿಂಗಳುಗಟ್ಟಲೆಯೇ, ಆದರೆ ಈ ಸಲ ಯಾರೂ ಚಾಕು ಎತ್ತಲಿಲ್ಲ.

ಇನ್ನೊಬ್ಬರ ಕತೆಯೂ ಈ ಏಳು ವಾರಗಳಲ್ಲೇ ನನಗೆ ಸಿಕ್ಕಿದ್ದು. ವೇಯ್ನ್ ಹೆಂಡರ್ಸನ್. 1947ರಲ್ಲಿ ಹುಟ್ಟಿದವರು, ವರ್ಜೀನಿಯಾ ಬೆಟ್ಟಗಳ ನಡುವಿನ ರಗ್ಬಿ ಅನ್ನೋ ಪುಟ್ಟ ಊರು. ಗಿಟಾರ್ ನುಡಿಸುವುದೂ ಅವರೇ, ಮಾಡುವುದೂ ಅವರೇ. ಹುಡುಗನಿದ್ದಾಗ ಮನೆಯ ಡ್ರಾಯರಿನ ತಳದ ತೆಳು ಹಲಗೆ ಕಿತ್ತು ಒಂದು ಗಿಟಾರ್ ಮಾಡಿದರಂತೆ. ಸಿಕ್ಕಿದ ಅಂಟು ಹಚ್ಚಿದರು. ಬಿಸಿಲು ಏರಿದ ಒಂದು ದಿನ ಅಂಟು ಕರಗಿ ಇಡೀ ಗಿಟಾರ್ ಬಿಚ್ಚಿಕೊಂಡಿತು. ಓದಿ ಒಬ್ಬನೇ ನಕ್ಕೆ, ವರ್ಜೀನಿಯಾ ಬಿಸಿಲಿಗೇ ಹೀಗಾದರೆ ನಮ್ಮ ಊರಿನ ಗತಿ ಏನು ಅಂತ. ಅವರ ಅಪ್ಪ ಬೈಯಲಿಲ್ಲ. ಹತ್ತಿರದಲ್ಲಿ ಪಿಟೀಲು ಮಾಡುತ್ತಿದ್ದ ಆಲ್ಬರ್ಟ್ ಹ್ಯಾಶ್ ಅನ್ನುವವರ ಬಳಿ ಮಗನನ್ನು ಕರೆದುಕೊಂಡು ಹೋದರು. ಹ್ಯಾಶ್ ಕೂಡ ನುಡಿಸುವವರು, ಮಾಡುವವರು. ಯಾವ ಮರ, ಯಾವ ಅಂಟು ಅನ್ನೋ ಪಾಠ ಅಲ್ಲಿ ಆಯಿತು.

ಹೆಂಡರ್ಸನ್ ಹೊಟ್ಟೆಪಾಡಿಗೆ ಮಾಡಿದ್ದು ಪೋಸ್ಟ್‌ಮ್ಯಾನ್ ಕೆಲಸ. ಸುಮಾರು 30 ವರ್ಷ ಆ ಬೆಟ್ಟದ ಹಳ್ಳಿಗಳಿಗೆ ಕಾಗದ ಹಂಚಿದರು, ಉಳಿದ ಹೊತ್ತಿನಲ್ಲಿ ಜೇಬಿನ ಚಾಕು ಹಿಡಿದು ಮರ ಕೆತ್ತಿದರು. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದಾರೆ, 1995ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು, ಆದರೂ ಊರು ಬಿಡಲಿಲ್ಲ. ಅವರ ಗಿಟಾರ್ ಬೇಕು ಅಂದವರು ಕಾಯಲೇಬೇಕು. ಜಗತ್ಪ್ರಸಿದ್ಧ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅಂಥವರೇ ಸುಮಾರು 10 ವರ್ಷ ಕಾದರು! ನನ್ನ ಏಳು ವಾರ ಯಾವ ಲೆಕ್ಕ ಅಂತ ಆವತ್ತು ರಾತ್ರಿ ಸ್ವಲ್ಪ ಸಮಾಧಾನವಾಯಿತು. ಬೆಳಿಗ್ಗೆ ಮತ್ತೆ ಸಿಟ್ಟು ಬಂತು, ಅದು ಬೇರೆ ಮಾತು. ನನಗೆ ಹೆಚ್ಚು ಹಿಡಿಸಿದ್ದು ಅವರ ಮಗಳ ವಿಷಯ. ಪರಿಸರ ಕಾನೂನು ಓದಿದ ಹುಡುಗಿ, ಓದಿನ ಸಾಲ ತೀರಿಸಲು ಅಂತ ಅಪ್ಪನ ಪಕ್ಕ ಕೂತು ಗಿಟಾರ್ ಮಾಡಲು ಶುರು ಮಾಡಿ ಅಲ್ಲೇ ನಿಂತುಬಿಟ್ಟರು. ದೂರದ ಕಾಡಿನ ಬೆಲೆಬಾಳುವ ಮರಕ್ಕಿಂತ ತಮ್ಮ ಬೆಟ್ಟದಲ್ಲೇ ಸಿಗುವ ಮರ ಅವರಿಗೆ ಇಷ್ಟವಂತೆ.

ಚಾಚಾ ಅಂಗಡಿಯಲ್ಲಿ ಪೇಟಿ ಸ್ವರ ಹಿಡಿದಿದ್ದನಲ್ಲ ಹುಡುಗ, ಅವನು ಅವರ ಮಗಳ ಮಗ. ಐಟಿಐ ಓದುತ್ತಾನೆ, ಸಂಜೆ ಬಂದು ಕೂರುತ್ತಾನೆ.

ಕೊನೆಗೂ ಕೆಲಸ ನಡೆದದ್ದು ಐದನೇ ವಾರದಿಂದ. ಒಂದು ಸಂಜೆ ಕೂತು ನೋಡಿದೆ. ಹಳೇ ಬಿಳಿ ಅಂಟನ್ನು ಕಾಯಿಸಿದ ಚೂರಿಯಿಂದ ಕೆರೆದು ತೆಗೆದರು, ಒಂದು ಚೂರೂ ಉಳಿಸಲಿಲ್ಲ. ಆ ಅಂಟು ಶೆಖೆಗೆ ಮೆತ್ತಗಾಗುತ್ತದೆ, ತಂತಿಯ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ ಅಂದರು. ಸರೇಸನ್ನು ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕಾಯಿಸಿ ಹಚ್ಚಿದರು. ಒಣಗಿದ ಮೇಲೆ ಗಾಜಿನ ಥರ ಗಟ್ಟಿ, ನಾಳೆ ಮತ್ತೆ ಬಿಚ್ಚಬೇಕಾದರೆ ಬಿಸಿನೀರು ತೋರಿಸಿದರೆ ಸಾಕು, ಮರ ಹಾಳಾಗುವುದಿಲ್ಲ. (ಅಂಟಿನ ವಿಷಯದಲ್ಲಿ ನಮ್ಮ ಸೀಮೆಯವರು ಹಿಂದೆ ಬಿದ್ದವರಲ್ಲ, ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ.) ಹಲಗೆ ಬಿಗಿ ಹಿಡಿಯಲು ಕ್ಲಾಂಪ್ ಗಿಂಪ್ ಏನೂ ಇಲ್ಲ, ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಸುತ್ತಿದರು, ಎಳೆಮಗುವಿಗೆ ಬಟ್ಟೆ ಸುತ್ತಿದ ಹಾಗೆ. ಮೇಲ್ಗಡೆ ತಂತಿ ಕೂರುವ ಪ್ಲಾಸ್ಟಿಕ್ ಪಟ್ಟಿ ತೆಗೆದು ಎಮ್ಮೆ ಎಲುಬಿನದು ಮಾಡಿ ಹಾಕಿದರು.

ಆರನೇ ವಾರ ರೆಡಿ ಅಂತ ಫೋನ್ ಬಂತು. ಹೋದೆ. ಚಾಚಾ ಕೊಡುವ ಮೊದಲು ನುಡಿಸಿದರು, ಮುಖ ಕಿವುಚಿದರು, 'ಮೂರನೇ ತಂತಿ ಗೊರ್ ಅಂತೈತೆ, ಬಿಟ್ಟು ಹೋಗು' ಅಂದರು. ನನಗೆ ಏನೂ ಕೇಳಿಸಲಿಲ್ಲ. ದುಡ್ಡು ಕೊಟ್ಟು ಒಯ್ಯುತ್ತೇನೆ ಅಂದರೂ ಬಿಡಲಿಲ್ಲ. ಇನ್ನೊಂದು ವಾರ! ಮನೆಗೆ ತಂದ ಮೇಲೆ ಹನ್ನೆರಡನೇ ಮನೆಯಿಂದ ಕೆಳಗಿನ ತನಕ ಸ್ವರ ಅಳೆಯುವ ಫೋನಿನ ಆಪ್ ಇಟ್ಟು ನೋಡಿದೆ, ಮುಳ್ಳು ಅಲ್ಲಾಡಲಿಲ್ಲ. ಚಕ್ ಅನ್ನೋ ಆ ಹೊಡೆತಕ್ಕೆ ಈಗ ಎದೆ ಬಂದಿದೆ, ಮೊದಲು ತಗಡಿನ ಡಬ್ಬಿಯ ಹಾಗಿತ್ತು. ಅದು ನಾನು ಕೇಳಿದ ರಿಪೇರಿಯಲ್ಲ, ಮೇಲಿನಿಂದ ಸಿಕ್ಕಿದ್ದು.

ಕೂಲಿ 1,800 ರೂಪಾಯಿ, ತಂತಿ ನಾನೇ ತಂದುಕೊಟ್ಟೆ. ಬೆಂಗಳೂರಿನಲ್ಲಿ ಕೊಟ್ಟಿದ್ದು ಇದರ ಎರಡರಷ್ಟು. ಬಿಲ್ಲು ಕೇಳಬೇಡಿ, ನಗುತ್ತಾರೆ. ಫೋನ್‌ಪೇ ನಡೆಯುತ್ತದೆ, ಮೊಮ್ಮಗನ ನಂಬರಿಗೆ. ಪಾಲಿಶ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ, ಅಂಟಿಸಿದ ಜಾಗದಲ್ಲಿ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಕರೆಂಟಿನ ಗಿಟಾರ್, ಕೀಬೋರ್ಡ್ ಒಯ್ಯಬೇಡಿ, ಮುಟ್ಟುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಶ್ರಾವಣಕ್ಕೆ ಎರಡು ತಿಂಗಳು ಮೊದಲೇ ಕೊಟ್ಟುಬಿಡಿ. ಮತ್ತೆ ವಾದ್ಯವನ್ನು ಕಾರಿನಲ್ಲಿ ಬಿಟ್ಟಿದ್ದೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ, ನಾನು ಹೇಳಿ ಕಾಲು ಗಂಟೆ ಬೈಸಿಕೊಂಡಿದ್ದೇನೆ.

ಹೋದ ವಾರ ನಮ್ಮ ಭಾವನ ಪೇಟಿಯನ್ನೂ ಅಲ್ಲೇ ಕೊಟ್ಟು ಬಂದೆ. ಎರಡು ದಿನ ಅಂದಿದ್ದಾರೆ.