ಬ್ಯಾಕಪ್‌ಗೆ ಬಾಯಿದೆ, ರಿಸ್ಟೋರ್‌ಗೆ ಇಲ್ಲ

ನನಗೆ ಕಣ್ಣು ಕಾಣುವುದಿಲ್ಲ. ಕೊಡಗಿನ ನಾಪೋಕ್ಲು ಹತ್ತಿರ ಮೂರು ತೋಟಗಳ ಲೆಕ್ಕ ಬರೆಯುತ್ತೇನೆ. ಚೆಕ್‌ರೋಲ್ (ಕೆಲಸದವರ ಹಾಜರಿ-ಸಂಬಳದ ಪಟ್ಟಿ), ಕಾಫಿ ಮೂಟೆ, ಕರಿಮೆಣಸಿನ ತೂಕ, ಗೊಬ್ಬರದ ಬಿಲ್ಲು, ಎಲ್ಲ ಎಕ್ಸೆಲ್‌ನಲ್ಲೇ. ಪರದೆ ಮೇಲಿರುವುದನ್ನು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದುತ್ತದೆ, ನಾನು ಟೈಪ್ ಮಾಡುತ್ತೇನೆ. ಈ ಲೆಕ್ಕ ಹೋದರೆ ನನ್ನ ಅನ್ನ ಹೋದಂತೆ. ಅದಕ್ಕೇ ಹೋದ ವರ್ಷ ದುಡ್ಡು ಕೊಟ್ಟು ಒಂದು ಬ್ಯಾಕಪ್ ಸಾಫ್ಟ್‌ವೇರ್ ತಗೊಂಡೆ. ಹೆಸರು ಬೇಡ, ಇಂಥವು ಇನ್ನೂ ಇರಬಹುದು.

ಬ್ಯಾಕಪ್ ಭಾಗ ಚೆನ್ನಾಗಿಯೇ ಇದೆ. ಟ್ಯಾಬ್ ಒತ್ತುತ್ತಾ ಹೋದರೆ ಡ್ರೈವ್ ಹೆಸರು ಓದುತ್ತದೆ, ಟಿಕ್ ಹಾಕಿದೆಯೋ ಇಲ್ಲವೋ ಹೇಳುತ್ತದೆ. ಕೆಳಗಿನ ಮೂರು ಗುಂಡಿಗಳಿಗೆ ಮಾತ್ರ ಹೆಸರೇ ಇಲ್ಲ. ಬರೀ "ಬಟನ್, ಬಟನ್, ಬಟನ್" ಅನ್ನುತ್ತದೆ. ಮೂರನೆಯದು ಸ್ಟಾರ್ಟ್ ಅಂತ ಎರಡು ಸಲ ತಪ್ಪು ಒತ್ತಿ ಕಲಿತೆ. ಆಮೇಲೆ ಪ್ರತಿ ಭಾನುವಾರ ಇಡೀ ಡಿಸ್ಕ್‌ನ ಇಮೇಜ್, ಅಂದರೆ ವಿಂಡೋಸ್ ಸಮೇತ ಪೂರ್ತಿ ನಕಲು, ಹೊರಗಿನ ಹಾರ್ಡ್ ಡಿಸ್ಕ್‌ಗೆ ಹೋಗುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ.

ಕಕ್ಕಡ ಬಂತು, ನಮ್ಮ ಕಡೆ ಜೋರು ಮಳೆಯ ತಿಂಗಳು. ಇಲ್ಲಿನ ಕರೆಂಟಿನ ಕತೆ ಗೊತ್ತಲ್ವಾ, ಎಲ್ಲೋ ಮರ ಬೀಳುತ್ತದೆ, ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲೇ ಇಲ್ಲ. ಅಂಗಡಿಯವರು ಎಸ್‌ಎಸ್‌ಡಿ ಹೋಗಿದೆ ಅಂದರು, ಹೊಸ 512 ಜಿಬಿಯದ್ದು ಹಾಕಿಕೊಟ್ಟರು. ವಿಂಡೋಸ್ ಹಾಕಿಕೊಡಲಾ ಅಂತಲೂ ಕೇಳಿದರು. ನಾನು ಜಂಬದಲ್ಲಿ, ಬೇಡ, ನನ್ನ ಹತ್ತಿರ ಇಮೇಜ್ ಇದೆ ಅಂದೆ.

ಮನೆಗೆ ಬಂದು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ರೆಸ್ಕ್ಯೂ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದೆ. ಫ್ಯಾನ್ ತಿರುಗಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಐದು ನಿಮಿಷ ಕಾದೆ. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದೆ, ವಿಂಡೋಸ್‌ನದೇ ಸ್ಕ್ರೀನ್ ರೀಡರ್ ನರೇಟರ್ ಆದರೂ ಬಾಯಿ ಬಿಡಲಿ ಅಂತ. ಶೀಟಿನ ಮೇಲೆ ಮಳೆ ಬೀಳುವುದು ಬಿಟ್ಟು ಬೇರೆ ಸದ್ದಿಲ್ಲ.

ವಿಷಯ ಏನೆಂದರೆ, ಆ ಪೆನ್‌ಡ್ರೈವ್‌ನಿಂದ ಏಳುವುದು ನಮ್ಮ ವಿಂಡೋಸ್ ಅಲ್ಲ. ವಿಂಡೋಸ್ ಪಿಇ ಅನ್ನುವ ಒಂದು ಪುಟ್ಟ ವಿಂಡೋಸ್. ನಾವು ಹಾಕಿಕೊಂಡ ಎನ್‌ವಿಡಿಎ ಅದರಲ್ಲಿ ಇರುವುದಿಲ್ಲ, ಎಷ್ಟೋ ಸಲ ಸ್ಪೀಕರ್‌ನ ಡ್ರೈವರ್ ಕೂಡ ಇರುವುದಿಲ್ಲ. ಪರದೆ ಮೇಲೆ ಎಲ್ಲ ಚಂದ ಕಾಣುತ್ತಿರುತ್ತದೆ, ಕಾಣುವವರಿಗೆ.

ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಕರೆದೆ. ಅವಳು ಓದಿದಳು: ಎರಡು ಡಿಸ್ಕ್ ಇದೆ, ಒಂದು 465 ಜಿಬಿ, ಒಂದು 476, ಹೆಸರಿಲ್ಲ. "ಅಣ್ಣಾ, ಎಲ್ಲ ಅಳಿಸಿಹೋಗುತ್ತೆ ಅಂತ ಕೆಂಪಲ್ಲಿ ಬರೆದಿದೆ. ಮೊದಲನೇದು ಒತ್ಲಾ?"

"ಬೇಡ ಮಾರಾಯ್ತಿ, ನಿಲ್ಲು!"

500 ಜಿಬಿ ಅಂತ ಮಾರುವ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 465, 512ರದ್ದು 476. ಅಂದರೆ ಅವಳ ಬೆರಳು ಇದ್ದದ್ದು ನನ್ನ ಬ್ಯಾಕಪ್ ಇದ್ದ ಡಿಸ್ಕ್ ಮೇಲೆ.

ಕೊನೆಗೆ ಎಲ್ಲ ವಾಪಸ್ ಬಂತು, ಅದನ್ನು ಹೇಳಲೇಬೇಕು. ಒಂದು ಫೈಲೂ ಕಮ್ಮಿಯಿಲ್ಲ, ಎನ್‌ವಿಡಿಎ ನಾನಿಟ್ಟ ವೇಗದಲ್ಲೇ ಮಾತಾಡಿತು. ಆದರೂ ಐದರಲ್ಲಿ ಎರಡೇ ಸ್ಟಾರ್. ಪೆನ್‌ಡ್ರೈವ್‌ಗೆ ಸ್ಕ್ರೀನ್ ರೀಡರ್ ಸೇರಿಸಬಹುದಾ ಅಂತ ಕಂಪನಿಗೆ ಮೇಲ್ ಹಾಕಿದ್ದೆ. ತೊಂದರೆ ಏನು ಅಂತ ಸ್ಕ್ರೀನ್‌ಶಾಟ್ ಕಳಿಸಿ ಅಂದರು.

ಈಗ ನಾನು ಬಳಸುವುದು ರೋಬೋಕಾಪಿ, ಫೈಲ್ ನಕಲು ಮಾಡುವ ಒಂದು ಕಮಾಂಡ್. ವಿಂಡೋಸ್ ಜೊತೆಗೇ ಬರುತ್ತದೆ, ಕಾಸಿಲ್ಲ, ಕಿಟಕಿ-ಗುಂಡಿ ಏನೂ ಇಲ್ಲ, ಒಂದು ಸಾಲು ಟೈಪ್ ಮಾಡಿದರೆ ಆಯಿತು. ಮೊದಲ ದಿನ ತಲೆ ಕೆಟ್ಟುಹೋಯಿತು, ಒಂದೊಂದು ಫೈಲಿಗೂ ಎಷ್ಟು ಪರ್ಸೆಂಟ್ ಆಯಿತು ಅಂತ ಎನ್‌ವಿಡಿಎ ಒದರುತ್ತಲೇ ಇತ್ತು. ಸಾಲಿನ ಕೊನೆಗೆ /ಎನ್‌ಪಿ ಸೇರಿಸಿದರೆ ಸುಮ್ಮನಾಗುತ್ತದೆ. ಇನ್ನೊಂದು, ಯಾವುದಾದರೂ ಫೈಲ್ ಲಾಕ್ ಆಗಿದ್ದರೆ ಅದು ತಾನಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದೆ, 347 ದಿನ. ಮುಂದಿನ ಕಕ್ಕಡವೇ ಬಂದುಬಿಡುತ್ತದೆ! /ಆರ್:1 /ಡಬ್ಲ್ಯೂ:1 ಅಂತ ಹಾಕಿ. /ಎಂಐಆರ್ ಬಳಸುವಾಗ ಮಾತ್ರ ಹುಷಾರು, ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಮೊದಲು /ಎಲ್ ಹಾಕಿದರೆ ಏನು ಮಾಡುತ್ತೇನೆ ಅಂತ ಬರೀ ಹೇಳುತ್ತದೆ, ಮಾಡುವುದಿಲ್ಲ.

ಇದು ಫೈಲ್ ಮಾತ್ರ ಉಳಿಸುತ್ತದೆ, ವಿಂಡೋಸ್ ಅಲ್ಲ. ಮತ್ತೆ ಡಿಸ್ಕ್ ಹೋದರೆ ಅಂಗಡಿಯವರ ಹತ್ತಿರವೇ ವಿಂಡೋಸ್ ಹಾಕಿಸಬೇಕು, ಎಕ್ಸೆಲ್ ಮತ್ತೆ ಹಾಕಬೇಕು, ಒಂದು ದಿನ ಪೂರ್ತಿ ಹೋಗುತ್ತದೆ. ಆದರೆ ಹೊಸ ವಿಂಡೋಸ್ ಮೊದಲ ಸಲ ಏಳುವಾಗ ಆ ಮೂರು ಕೀ ಒತ್ತಿದರೆ ನರೇಟರ್ ಮಾತಾಡುತ್ತದೆ. ಆಮೇಲೆ ಪೆನ್‌ಡ್ರೈವ್‌ನಲ್ಲಿರುವ ಪೋರ್ಟಬಲ್ ಎನ್‌ವಿಡಿಎ ಸಾಕು. ಅದನ್ನು ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲೇ ಮಾಡಿಕೊಳ್ಳಬಹುದು, ನಮ್ಮ ಸೆಟ್ಟಿಂಗ್ ಸಮೇತ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಫೋನಿನಲ್ಲೂ ಇಟ್ಟುಕೊಳ್ಳಿ, ಅದು ಕೇಳುವುದು ವಿಂಡೋಸ್ ಏಳುವ ಮೊದಲು, ಎನ್‌ವಿಡಿಎ ಅಲ್ಲಿ ಇರುವುದಿಲ್ಲ.

ಲೈಸೆನ್ಸ್ ಮುಂದಿನ ತಿಂಗಳು ಮುಗಿಯುತ್ತದೆ, ರಿನ್ಯೂ ಮಾಡಿ ಅಂತ ದಿನಾ ಮೇಲ್ ಬರುತ್ತಿದೆ. ಅವರ ಆ ಮೂಕ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಎನ್‌ವಿಡಿಎಗೆ ಕೊಟ್ಟಿದ್ದೇನೆ.