ಮಣ್ಣಿಟ್ಟಿಗೆ ಮನೆಗೆ ಯಾವ ಪಾಯ: ಕಾಲಂ, ಸೈಜುಗಲ್ಲು, ಬಡಿದ ಮಣ್ಣು?

ಎ.ಸಿ. ಇಲ್ಲದೆ ಮನೆ ತಂಪಾಗಿರಲಿ ಎಂದು ಸಿಮೆಂಟು ಬೆರೆಸಿದ ಮಣ್ಣಿಟ್ಟಿಗೆ ಆರಿಸಿದವರೂ ಪಾಯದ ಮಾತು ಬಂದಾಗ ‘ಕಾಲಂ ಹಾಕಿಬಿಡಿ’ ಎನ್ನುತ್ತಾರೆ. ಖರ್ಚು ಏರುವುದು ಅಲ್ಲೇ. ಮೂರೂ ಬಗೆ ಕಟ್ಟಿ ನೋಡಿದ ಮೇಲೆ ನಮ್ಮ ಲೆಕ್ಕ ಹೀಗಿದೆ.

ಕಾಲಂ ಪಾಯದ ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು ಬೇಕು, ಕಂಬಿ ಬೇರೆ. 9 ಇಂಚಿನ ಒಳ್ಳೆಯ ಮಣ್ಣಿಟ್ಟಿಗೆ ಗೋಡೆ ಎರಡು ಅಂತಸ್ತಿನ ಭಾರವನ್ನು ತಾನೇ ಹೊರುತ್ತದೆ. ನಡುವೆ ಕಾಲಂ ನಿಲ್ಲಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಕಾರಿಗೆಂದು ಮನೆಯಡಿ ಬರೀ ಕಂಬಗಳ ತೆರೆದ ಜಾಗ (ಸ್ಟಿಲ್ಟ್) ಬಿಟ್ಟರೆ ನೆಲಕ್ಕೆ ಭೂಮಿಯ ಸಂಪರ್ಕವೂ ತಪ್ಪುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ನೆಲ ತಣ್ಣಗಿರುವುದು ಅಡಿಯ ಮಣ್ಣಿನಿಂದ. ಚಳಿದೇಶದವರಂತೆ ನೆಲದಡಿ ಥರ್ಮಾಕೋಲ್ ಹಾಸಿದರೆ ಆ ತಂಪನ್ನು ನಾವೇ ತಡೆದಂತೆ. ಮಣ್ಣು ತುಂಬಿ ಎತ್ತರಿಸಿದ ಸೈಟಿಗೆ ಮಾತ್ರ ಕಾಲಂ ಸರಿ, ಅದೂ ಹಳೆಯ ಗಟ್ಟಿ ನೆಲ ಮುಟ್ಟುವವರೆಗೆ ಅಗೆದು.

ಗಟ್ಟಿ ಕೆಂಪು ಮಣ್ಣಿದ್ದರೆ ನಮ್ಮ ಮೊದಲ ಆಯ್ಕೆ ಸೈಜುಗಲ್ಲು, ಅಂದರೆ ಅಳತೆಗೆ ಒಡೆದ ಕಲ್ಲು. ಎರಡೂವರೆ ಅಡಿ ಅಗಲ, ಮೂರಡಿ ಆಳ ತೋಡಿ, ತಳಕ್ಕೆ 4 ಇಂಚು 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಮೇಲೆ ಹಂತಹಂತವಾಗಿ ಕಿರಿದಾಗುವ ಕಲ್ಲು ವರಸೆ. 1:6 (ಸಿಮೆಂಟು, ಮರಳು) ಗಾರೆಯಾದರೆ ಘನ ಮೀಟರಿಗೆ ಒಂದೂವರೆ ಮೂಟೆ ಸಿಮೆಂಟು ಸಾಕು. ಕೆಡುವುದು ಹೊಟ್ಟೆಯಲ್ಲಿ: ಎರಡು ಮುಖಕ್ಕೆ ಚೆಂದದ ಕಲ್ಲಿಟ್ಟು ನಡುವೆ ಚಕ್ಕೆ, ಮಣ್ಣು ತುರುಕಿಬಿಡುತ್ತಾರೆ. ಆಮೇಲೆ ಪಾಯ ಎರಡು ಹೋಳಾಗಿ ಕುಸಿಯುತ್ತದೆ. ಪ್ರತಿ ವರಸೆಯಲ್ಲೂ ಪೂರ್ತಿ ಅಗಲದ ಅಡ್ಡಗಲ್ಲು ಇರಲೇಬೇಕು. ಒಳಗೆ ಗಾರೆ ತುಂಬುವಾಗ ನಿಂತು ನೋಡಿ.

ಬಡಿದ ಮಣ್ಣಿನ ಪಾಯಕ್ಕೆ, ಪುದುಚೇರಿ ಬಳಿಯ ಆರೋವಿಲ್‌ನಲ್ಲಿ ಮಾಡುವಂತೆ, 5% ಸಿಮೆಂಟು. ಇದರಲ್ಲಿ ಸಿಮೆಂಟು ಕಡಿಮೆ ಎಂಬ ನಂಬಿಕೆ ತಪ್ಪು. ಘನ ಮೀಟರಿಗೆ ಸುಮಾರು 2 ಮೂಟೆ, ಕಲ್ಲಿಗಿಂತ ಹೆಚ್ಚೇ. ಉಳಿತಾಯವಾಗುವುದು ಕಲ್ಲಿನ ದುಡ್ಡು ಮತ್ತು ಲಾರಿ ಬಾಡಿಗೆ. ಹಾಗಾಗಿ ಕ್ವಾರಿ ಹತ್ತಿರವಿದ್ದರೆ ಕಲ್ಲು, ದೂರವಿದ್ದರೆ ಇದು. ಬೇರು ತುಂಬಿದ ಮೇಲ್ಮಣ್ಣು ಬಿಟ್ಟು, ಮರಳುಮಿಶ್ರಿತ ಕೆಂಪು ಮಣ್ಣನ್ನು 4–6 ಇಂಚಿನ ಪದರವಾಗಿ ಬಡಿಯಬೇಕು. ಹದ ನೋಡಲು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ: ನಾಲ್ಕೈದು ತುಂಡಾದರೆ ಸರಿ, ಪುಡಿಯಾದರೆ ನೀರು ಕಡಿಮೆ, ಉಂಡೆಯಾಗಿಯೇ ಉಳಿದರೆ ಹೆಚ್ಚು. ನೀರು ನಿಲ್ಲುವ ಸೈಟಿಗೆ ಬೇಡವೇ ಬೇಡ.

ಕಲ್ಲಾಗಲಿ ಮಣ್ಣಾಗಲಿ, ಮೇಲೆ 10 ಎಂಎಂನ ಎರಡು ಕಂಬಿಯಿರುವ 4 ಇಂಚಿನ ಪ್ಲಿಂತ್ ಬೆಲ್ಟ್ (ಗೋಡೆಯಡಿ ಸುತ್ತುವ ಕಾಂಕ್ರೀಟು ಪಟ್ಟಿ), ತೇವ ಏರದಂತೆ ತಡೆಯುವ ಡಿಪಿಸಿ ಪದರ, ಎರಡನ್ನೂ ಮರೆಯಬೇಡಿ.

ಗದಗ, ವಿಜಯಪುರದ ಎರೆಭೂಮಿಗೆ ಕಲ್ಲು, ಬಡಿದ ಮಣ್ಣು ಎರಡೂ ಹೊಂದುವುದಿಲ್ಲ. ಅಲ್ಲಿ ಬುಡದಲ್ಲಿ ಉಬ್ಬಿರುವ ಅಂಡರ್-ರೀಮ್ಡ್ ಪೈಲ್ (ನೆಲದೊಳಗಿನ ಕಾಂಕ್ರೀಟು ಕಂಬ), ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ. ಪೈಲ್‌ಗಳನ್ನು ಜೋಡಿಸುವ ಬೀಮಿನಡಿ 80 ಎಂಎಂ ಖಾಲಿ ಬಿಡಬೇಕು. ಕೆಲಸದವರು ಅಲ್ಲಿ ಮಣ್ಣು ತುಂಬಿದರೆ, ಮಳೆಗೆ ಉಬ್ಬಿದ ಎರೆ ಬೀಮನ್ನೇ ಎತ್ತಿ ಗೋಡೆ ಬಿರಿಯುತ್ತದೆ.