ತಾಳಮದ್ದಳೆ ರೆಕಾರ್ಡಿಂಗ್: ಎರಡು ಮೈಕ್ ಇಡುವ ಮೂರು ಬಗೆ

ಒಂದೇ ಜೋಡಿ ಕಾರ್ಡಿಯಾಯ್ಡ್ (ಎದುರಿನ ಶಬ್ದವನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕ್, ಒಂದೇ ರೆಕಾರ್ಡರ್. ನಾನು ಬದಲಿಸಿ ನೋಡಿದ್ದು ಮೈಕ್ ಇಡುವ ರೀತಿಯನ್ನು ಮಾತ್ರ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದಲೇ ಲೈನ್ (ತಂತಿ ಮೂಲಕ ನೇರ ಧ್ವನಿ) ತಗೋಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ತಗೋಬಹುದು. ಆದರೆ ಚೆಂಡೆಗೆ ಎಷ್ಟೋ ಕಡೆ ಮೈಕೇ ಇಡುವುದಿಲ್ಲ, ಅದು ಹಾಗೇ ಜೋರು. ಲೈನ್‌ನಲ್ಲಿ ಅದು ಎಲ್ಲೋ ದೂರ ಕೇಳುತ್ತದೆ.

ಮೊದಲನೆಯ ಬಗೆ ಎಕ್ಸ್-ವೈ, ಇದು ಸುಲಭ. ಮೈಕಿನ ತಲೆಗಳು ಒಂದರ ಮೇಲೊಂದು, ನಡುವೆ 90 ಡಿಗ್ರಿ. ಶಬ್ದ ಎರಡಕ್ಕೂ ಒಟ್ಟಿಗೇ ತಲುಪುತ್ತದೆ. ಹಾಗಾಗಿ ಎರಡು ಚಾನೆಲ್ ಕೂಡಿ ಒಂದೇ ಆಗುವ ಮೊಬೈಲ್ ಸ್ಪೀಕರ್‌ನಲ್ಲೂ ಮಾತು ಸ್ವಚ್ಛ. ಇಯರ್‌ಫೋನ್ ಹಾಕಿದರೆ ಮಾತ್ರ ಹಾಡುವ ಭಾಗವತರು, ಮದ್ದಳೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎಲ್ಲರೂ ನಡುವೆ ಒತ್ತೊತ್ತಾಗಿ ಕೂತ ಹಾಗೆ.

ಎ-ಬಿಯಲ್ಲಿ ಎರಡೂ ಮೈಕ್ ಮುಂದಕ್ಕೇ ನೋಡುತ್ತವೆ, ನಡುವೆ ಅರ್ಧ ಮೀಟರ್. ಸಭಾಂಗಣದ ಗುಂಗು ಇದರಲ್ಲಿ ಬಂದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರಲಿಲ್ಲ. ತೊಂದರೆ ಇರುವುದು ಎರಡು ಚಾನೆಲ್ ಕೂಡಿ ಮೋನೊ ಆದಾಗ. ಬದಿಗೆ ಕೂತವರ ಧ್ವನಿ ದೂರದ ಮೈಕಿಗೆ ಸುಮಾರು ಒಂದು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡನ್ನೂ ಕೂಡಿಸಿದರೆ 500 ಹರ್ಟ್ಸ್, 1500 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆ. ಮಾತಿನ ತಿರುಳು ಇರುವುದೇ ಅಲ್ಲಿ. ಕರ್ಣ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿತು! ವಾಟ್ಸಾಪ್‌ನಲ್ಲಿ ಹಂಚುವುದಾದರೆ ಎ-ಬಿ ಬೇಡ.

ನನಗೆ ಹಿಡಿಸಿದ್ದು ಓಆರ್‌ಟಿಎಫ್. 1960ರ ಸುಮಾರಿಗೆ ಫ್ರಾನ್ಸಿನ ರೇಡಿಯೋದವರು ರೂಪಿಸಿದ ಪದ್ಧತಿ ಇದು. ಮೈಕಿನ ತಲೆಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ. ತಡ ಎಷ್ಟೇ ಆದರೂ ಅರ್ಧ ಮಿಲಿಸೆಕೆಂಡ್. ಜೊತೆಗೆ ಮೈಕ್‌ಗಳು ಆಚೀಚೆ ತಿರುಗಿರುವುದರಿಂದ ಎರಡರಲ್ಲೂ ಧ್ವನಿ ಒಂದೇ ಮಟ್ಟದಲ್ಲಿರುವುದಿಲ್ಲ. ಹಾಗಾಗಿ ಮೋನೊದಲ್ಲೂ ಪೂರ್ತಿ ಅಳಿಸಿಹೋಗುವುದಿಲ್ಲ. ಎದುರುಬದುರು ಕೂತ ಅರ್ಥಧಾರಿಗಳ ವಾದ ಇಯರ್‌ಫೋನ್‌ನಲ್ಲಿ ಎಡ ಬಲ ಅಂತ ಸರಿಯಾಗಿ ಬೇರೆಯಾಗುತ್ತದೆ. ಸವಾಲು ಎಡಗಿವಿಗೆ, ಜವಾಬು ಬಲಗಿವಿಗೆ. ತಾಳಮದ್ದಳೆಗೆ ಇನ್ನೇನು ಬೇಕು? ಒಂದು ಕೊರತೆ ಉಂಟು: ನಡುವಿನ ಭಾಗವತರು ಸ್ವಲ್ಪ ಹಿಂದೆ ಸರಿದಂತೆ ಅನಿಸುತ್ತಾರೆ. ಸ್ಟ್ಯಾಂಡನ್ನು ತುಸು ಮುಂದೆ ತಂದರೆ ಸರಿಹೋಗುತ್ತದೆ.

ಯಾವ ಬಗೆಯಾದರೂ ಲೆವೆಲ್ ನೋಡಬೇಕಾದ್ದು ಚೆಂಡೆ ಬಾರಿಸುವಾಗ, ಮಾತಾಡುವಾಗ ಅಲ್ಲ. ಚೆಂಡೆಯ ಪೆಟ್ಟು ರೆಕಾರ್ಡರ್ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. 24 ಬಿಟ್‌ನಲ್ಲಿದ್ದರೆ ಮಾತನ್ನು ಆಮೇಲೆ ಏರಿಸಿಕೊಳ್ಳಬಹುದು. ಸ್ಟೀರಿಯೊ ಬಾರ್ (ಎರಡು ಮೈಕ್ ಕೂರಿಸುವ ಪಟ್ಟಿ) ಮೇಲೆ, ತಲೆಗಳ ನಡುವೆ 17 ಸೆಂ.ಮೀ. ಬರುವಲ್ಲಿ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟುಕೊಳ್ಳಿ. ಕತ್ತಲಲ್ಲಿ ಸ್ಕೇಲ್ ಹುಡುಕುವುದು ತಪ್ಪುತ್ತದೆ.